ತವರಿನವರು ಬಂದ ದಿನದ ಮಾತ್ರೆ

ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಅಟೆಂಡರ್ ಆಗಿದ್ದು ನಿವೃತ್ತನಾದವನು. ಬರೆದು ರೂಢಿಯಿಲ್ಲ, ಮಾತೂ ಕಮ್ಮಿ. ನನ್ನ ಹೆಂಡತಿ ತೀರಿಕೊಂಡ ಮೇಲೆ ಅವಳ ಕೊನೆಯ ದಿನಗಳ ಬಗ್ಗೆ ಯಾರಾದರೂ ಕೇಳಿದರೆ ಅರ್ಧ ಹೇಳಿ ನಿಲ್ಲಿಸಿಬಿಡುತ್ತೇನೆ. ಆಸ್ಪತ್ರೆಗೆ ಸೇರಿಸಲಿಲ್ಲ, ಮನೆಯಲ್ಲೇ ಇಟ್ಟುಕೊಂಡೆವು ಎಂದ ಕೂಡಲೇ ಕೇಳುವವರ ಮುಖ ಬದಲಾಗುತ್ತದೆ. ಆಮೇಲೆ ಹೇಳುವುದು ಕಷ್ಟ. ಅದಕ್ಕೆ ಉಳಿದದ್ದನ್ನು ಬರೆಯುತ್ತಿದ್ದೇನೆ.

ಅವಳಿಗೆ ಗರ್ಭಕೋಶದ ಕ್ಯಾನ್ಸರ್. ಮೈಸೂರಿನಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿದೆವು, ಕೀಮೋ ಕೊಡಿಸಿದೆವು. ಒಂದು ವರ್ಷ ಚೆನ್ನಾಗಿಯೇ ಇದ್ದಳು. ಆಮೇಲೆ ಕಾಯಿಲೆ ಮತ್ತೆ ಬಂತು, ಬೆನ್ನುಮೂಳೆಗೂ ಬಂತು. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಇನ್ನು ಕಾಯಿಲೆ ಹೋಗುವಂಥ ಔಷಧಿ ತಮ್ಮ ಹತ್ತಿರ ಇಲ್ಲ, ನೋವು ಹೋಗುವಂಥದ್ದು ಇದೆ, ಅದನ್ನು ಮನೆಗೇ ಬಂದು ನೋಡಿಕೊಳ್ಳುವ ಸಿಸ್ಟರ್‌ಗಳು ನಿಮ್ಮ ಕಡೆ ಇದ್ದಾರೆ ಎಂದು ಹೇಳಿ ಕಳಿಸಿದರು. ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಿದ್ದಳು. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಹೇಳಿದಳು.

"ಇನ್ಮೇಕೆ ನನ್ನ ಎಲ್ಗೂ ಎತ್ಕೊಂಡ್ ತಿರುಗ್ಬ್ಯಾಡಿ. ಎಷ್ಟು ದಿನ ಅದೋ ಅಷ್ಟು ದಿನ ನಮ್ಮನೇಲೇ ಇರ್ತೀನಿ."

"ಆಯ್ತು" ಎಂದೆ.

"ಆಯ್ತು ಅನ್ನೋದಲ್ಲ. ಯಾರಾದ್ರೂ ಬಂದು ಕೂಗಾಡುದ್ರೆ ನೀವು ಬಾಯ್ ಬುಡಕಿಲ್ಲ. ಅದೇ ನಂಗೆ ಯೋಚ್ನೆ."

ಆಗಲೂ ನಾನು ಸುಮ್ಮನೇ ಇದ್ದೆ. ಅವಳು ನಕ್ಕಳು.

ಮನೆಗೆ ಬರುವ ಸಿಸ್ಟರ್‌ಗಳಿಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ನಾಲ್ಕು ತಾಲ್ಲೂಕಿಗೂ ಸೇರಿ ಒಂದೇ ಜೀಪು. ಡಾಕ್ಟರು ವಾರಕ್ಕೊಮ್ಮೆ ಜೊತೆಗೆ ಬರುತ್ತಿದ್ದರು, ಮಿಕ್ಕ ದಿನ ಫೋನಿನಲ್ಲಿ. ಸಿಸ್ಟರ್‌ಗಳಿಗೆಲ್ಲ ಮೇಲಿನವರು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಯಾವ ಮನೆಗೆ ಮೊದಲು ಹೋಗಬೇಕು, ಯಾವ ಮನೆಗೆ ನಾಳೆಯಾದರೂ ನಡೆಯುತ್ತದೆ, ಯಾರನ್ನು ಯಾವ ಮನೆಗೆ ಕಳಿಸಬೇಕು ಎಲ್ಲ ಅವರದೇ ತೀರ್ಮಾನ. ಮೊದಲ ದಿನ ಅವರು ಬಂದ ತಕ್ಷಣ ಇಂಜೆಕ್ಷನ್ ಕೊಡುತ್ತಾರೆ ಎಂದುಕೊಂಡಿದ್ದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಮಂಚದ ಪಕ್ಕ ಕೂತು, ಒಂದು ಲೋಟ ನೀರು ಕೇಳಿ ಕುಡಿದು, ಮನೆಯನ್ನು ನೋಡಿದರು. ಅಡಿಗೆ ಯಾರದು, ರಾತ್ರಿ ಪಕ್ಕದಲ್ಲಿ ಯಾರು ಮಲಗುತ್ತಾರೆ, ಬಚ್ಚಲಿಗೆ ಎಷ್ಟು ದೂರ, ಇವೇ ಪ್ರಶ್ನೆಗಳು. ಕೂಡ ಬಂದಿದ್ದ ನಾಗಮಂಗಲದ ಕಡೆಯ ಹುಡುಗಿ, ಹೊಸದಾಗಿ ಸೇರಿದ್ದ ಸಿಸ್ಟರ್, ಬಿ.ಪಿ. ನೋಡುತ್ತಿದ್ದಳು.

"ಈ ಮನೇಲಿ ಯಾರ ಮಾತು ನಡೀತದೆ?" ದೊಡ್ಡ ಸಿಸ್ಟರ್ ಕೇಳಿದರು.

ನಾನು ಹೆಂಡತಿಯ ಕಡೆ ನೋಡಿದೆ. ನಮ್ಮ ಜೊತೆಯಲ್ಲೇ ಇರುವ ನನ್ನ ಅಕ್ಕ, ಗಂಡ ಹೋದ ಮೇಲೆ ನಮ್ಮ ಮನೆಗೆ ಬಂದವಳು, ಬಾಗಿಲ ಹತ್ತಿರದಿಂದ ಅಂದಳು: "ದೊಡ್ಡೋಳು ನಾನು ಕನವ್ವ. ನನ್ ಮಾತೇ ನಡೀಬೇಕು. ನಡಿಯಕಿಲ್ಲ ಅಷ್ಟೆಯ."

ಎಲ್ಲರೂ ನಕ್ಕರು. ದೊಡ್ಡ ಸಿಸ್ಟರ್ ನಗುತ್ತಲೇ ನನ್ನ ಹೆಂಡತಿಯನ್ನು ಕೇಳಿದರು. "ತವರು ಯಾವೂರವ್ವ?"

"ಶೀಳನೆರೆ ತಾವ. ಅಣ್ಣ ಒಬ್ನೇ."

"ಯಜಮಾನ್ರೆ, ಇವ್ರಣ್ಣ ಬರೋ ದಿನ ನಂಗೊಂದು ಫೋನ್ ಮಾಡಿ" ಎಂದು ನನ್ನ ಕಡೆ ತಿರುಗಿದರು. ಯಾಕೆ ಎಂದು ನಾನು ಕೇಳಲಿಲ್ಲ.

ಮಾರ್ಫಿನ್ ಮಾತ್ರೆ ಕೊಟ್ಟರು. ನೋವು ಬಂದ ಮೇಲೆ ಕೊಡುವುದಲ್ಲ, ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡುವುದು, ನೋವು ಇಲ್ಲದಿದ್ದರೂ ಕೊಡುವುದು ಎಂದು ಅಕ್ಕನಿಗೆ ಹೇಳಿಕೊಟ್ಟರು. ನನಗೂ ಹೇಳಿದರು, ಆದರೆ ಹೆಚ್ಚು ಹೊತ್ತು ಹೇಳಿದ್ದು ಅಕ್ಕನಿಗೆ. ಮೊದಲೆರಡು ದಿನ ನನ್ನ ಹೆಂಡತಿ ಬರೀ ನಿದ್ದೆ ಮಾಡಿದಳು. ಮೂರನೆಯ ದಿನ ಎದ್ದು ಜಗಲಿಗೆ ಬಂದು ಗೋಡೆಗೆ ಒರಗಿಕೊಂಡು ಅಕ್ಕನ ಜೊತೆ ಅವರೆಕಾಯಿ ಸುಲಿದಳು. ನೋವಿಲ್ಲದ ಅವಳ ಮುಖ ನೋಡಿ ನನಗೆ ಎಷ್ಟೋ ಕಾಲವಾಗಿತ್ತು. ಸುಲಿದದ್ದು ಒಂದು ಹಿಡಿ ಇರಬಹುದು. ಅಕ್ಕ ಅದನ್ನೇ ಬೇರೆಯಾಗಿ ಬೇಯಿಸಿ ಅವಳಿಗೆ ಬಡಿಸಿದಳು.

ಹೀಗೆ ಒಂದಷ್ಟು ವಾರ ನಡೆಯಿತು. ಶ್ರೀರಂಗಪಟ್ಟಣಕ್ಕೆ ಕೊಟ್ಟಿರುವ ಮಗಳು ಭಾನುವಾರಗಳಲ್ಲಿ ಬಂದು ಅಮ್ಮನ ತಲೆ ಬಾಚಿ ಹೋಗುತ್ತಿದ್ದಳು. ಆಮೇಲೆ ನನ್ನ ಹೆಂಡತಿಗೆ ಜಗಲಿಗೆ ಬರುವುದು ಆಗಲಿಲ್ಲ. ಊಟ ಕಮ್ಮಿಯಾಯಿತು, ಗಂಜಿ ಕುಡಿಯುವುದೂ ನಿಧಾನವಾಯಿತು. ದೊಡ್ಡ ಸಿಸ್ಟರ್ ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದು, ಇನ್ನು ಬರಬೇಕಾದವರಿಗೆ ಹೇಳಿಕಳಿಸಿ ಎಂದರು. ನಾನು ಭಾವನಿಗೆ, ಅಂದರೆ ನನ್ನ ಹೆಂಡತಿಯ ಅಣ್ಣನಿಗೆ, ಫೋನು ಮಾಡಿದೆ.

ನಮ್ಮ ಕಡೆ ಕೊಟ್ಟ ಹೆಣ್ಣಿನ ವಿಷಯದಲ್ಲಿ ತವರಿನವರ ಮಾತಿಗೆ ಕೊನೆಯವರೆಗೂ ತೂಕ. ಸತ್ತರೆ ಸೀರೆ, ಅರಿಸಿನ ಕುಂಕುಮ, ಬಳೆ ಅವರೇ ತರಬೇಕು. ಅವರು ಬಂದು ನೋಡದೆ ಹೆಣ ಎತ್ತುವ ಹಾಗಿಲ್ಲ. ನಮ್ಮ ಹುಡುಗಿಯನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಅವರು ಬೀದಿಯಲ್ಲಿ ನಿಂತು ಒಂದು ಮಾತು ಅಂದರೆ ಆ ಮನೆಯವರು ಊರಿನಲ್ಲಿ ಬಹಳ ಕಾಲ ತಲೆ ಎತ್ತುವುದಿಲ್ಲ. ಹಾಗೆಯೇ ಜೀವ ಇರುವಾಗಲೇ ಬಂದು ತವರಿನ ಹಾಲು ಬಾಯಿಗೆ ಬಿಡುವುದು ಒಂದು ಪದ್ಧತಿ. ಅವಳು ಕಣ್ಣು ಬಿಟ್ಟು, ಅಣ್ಣನ ಗುರುತು ಹಿಡಿದು, ಅವನ ಕೈಯಿಂದ ಒಂದು ಗುಟುಕು ಕುಡಿದರೆ ಎರಡೂ ಮನೆಗೆ ಸಮಾಧಾನ.

ಇದು ನನ್ನ ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಭಾವ ಬರುವ ದಿನ ಬೆಳಿಗ್ಗೆ ಅವಳು ಯೋಚನೆ ಮಾಡಿದ್ದು ಇಷ್ಟೇ: ಮಾತ್ರೆ ಕೊಟ್ಟರೆ ಮಂಪರು. ಅಣ್ಣ ಬಂದಾಗ ಇವಳು ಮಲಗಿದ್ದರೆ ಜ್ಞಾನ ತಪ್ಪಿದ ಮೇಲೆ ಹೇಳಿಕಳಿಸಿದರು ಅಂದುಕೊಳ್ಳುತ್ತಾನೆ. ಹಾಲು ಬಿಟ್ಟು ಆಗಲಿ, ಆಮೇಲೆ ಕೊಟ್ಟರಾಯಿತು. ಬೆಳಗಿನ ಜಾವದ ಮಾತ್ರೆಯನ್ನೂ ಅದರ ಮುಂದಿನದನ್ನೂ ಅವಳು ಕೊಡಲಿಲ್ಲ. ನನ್ನ ಹೆಂಡತಿಯೂ ಅದಕ್ಕೆ ಊಂ ಅಂದಿದ್ದಳು. ನನಗೆ ಇಬ್ಬರೂ ಹೇಳಿರಲಿಲ್ಲ. ನಾನು ದೊಡ್ಡ ಸಿಸ್ಟರಿಗೆ, ಇವತ್ತು ಅವರಣ್ಣ ಬರುತ್ತಿದ್ದಾರೆ ಎಂದು ಫೋನು ಮಾಡಿ, ಹಾಲಿನವನ ಮನೆಗೆ ಹೋಗಿ ಬಂದೆ. ಬರುವಷ್ಟರಲ್ಲಿ ಅವಳು ಮಂಚದ ಪಟ್ಟಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಮುದುರಿಕೊಂಡಿದ್ದಳು.

"ಏನಾಯ್ತು?" ಎಂದೆ.

"ಏನಿಲ್ಲ, ನೀವು ಆಚೆಗೋಗಿ" ಎಂದಳು, ಹಲ್ಲು ಕಚ್ಚಿಕೊಂಡು.

ಭಾವ ಬಂದಾಗ ಅವಳು ಎಚ್ಚರವಾಗಿಯೇ ಇದ್ದಳು. ಅಣ್ಣನನ್ನು ನೋಡಿ ಏನೋ ಹೇಳಲು ಹೋದಳು, ಅದರ ಬದಲು ಒಂದು ಕೂಗು ಬಂತು. ಭಾವ ಊರಿನಿಂದ ಸ್ಟೀಲಿನ ಕ್ಯಾನಿನಲ್ಲಿ ತಂದಿದ್ದ ಹಾಲನ್ನು ಮಕ್ಕಳಿಗೆ ಕುಡಿಸುವ ಒಳಲೆಗೆ ಹಾಕಿ ಬಾಯಿಗೆ ಬಿಟ್ಟ. ನೋವಿನಲ್ಲಿ ಅವಳು ಉಸಿರು ಎಳೆಯುತ್ತಿದ್ದಳು. ಹಾಲು ನೆತ್ತಿಗೆ ಹತ್ತಿ ಮೂಗಿನಿಂದ ಬಂತು. ಕೆಮ್ಮಿ ಕೆಮ್ಮಿ ಮುಖ ನೀಲಿಯಾಯಿತು. ಅಕ್ಕ ಎತ್ತಿ ಕೂರಿಸಿ ಬೆನ್ನು ತಟ್ಟಿದಳು.

ಭಾವ ಒಳಲೆಯನ್ನು ನೆಲಕ್ಕೆ ಇಟ್ಟು ನನ್ನ ಕಡೆ ತಿರುಗಿದ.

"ಏನಪ್ಪಾ ಇದು? ಇಂಗಾ ನೋಡ್ಕಳಾದು? ಒಂದ್ ಬಾಟ್ಲಿ ಗ್ಲೂಕೋಸ್ ಆಕಿಸ್ದೆ ಮನೇಲಿ ಬಿಸಾಕಿದ್ದೀಯಲ್ಲ?"

"ಸಿಸ್ಟರ್ ಬರ್ತಾರೆ..."

"ಸಿಸ್ಟ್ರು! ನಿಮ್ಮೂರಲ್ಲಿ ಡಾಕ್ಟ್ರೇನ್ ಸತ್ತೋಗವ್ರಾ? ನಡಿ, ಗಾಡಿ ಕರಿ. ಮೈಸೂರ್ಗೆ ಎತ್ತಾಕ್ಕೊಂಡೋಗಣ. ನೀನ್ ಕರೀದಿದ್ರೆ ನಾನ್ ಕರೀತೀನಿ. ನಮ್ಮನೆ ಹುಡುಗಿ ಇವ್ಳು, ಬೀದೀಲ್ ಸಿಕ್ಕಿದ್ದಲ್ಲ."

ಅವನು ಹೇಳಿದ್ದರಲ್ಲಿ ಕಣ್ಣಿಗೆ ಕಂಡಿದ್ದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಮಂಚದ ಮೇಲಿನ ತಂಗಿಯನ್ನು ನೋಡಿದ ಯಾವ ಅಣ್ಣನಾದರೂ ಅದನ್ನೇ ಹೇಳುತ್ತಿದ್ದ. ಬಸ್ಸಿನಲ್ಲಿ ಅವಳು ಹೇಳಿದ್ದು ನನ್ನ ನಾಲಿಗೆಯ ಮೇಲೆ ಇತ್ತು, ಆಚೆಗೆ ಬರಲಿಲ್ಲ. ಭಾವ ಪಾಂಡವಪುರದ ಕಾರಿನವನೊಬ್ಬನಿಗೆ ಫೋನು ಮಾಡಿ ಬಾ ಎಂದ.

ಕಾರಿಗಿಂತ ಮೊದಲು ಜೀಪು ಬಂತು.

ಹುಡುಗಿ ಸಿಸ್ಟರ್ ಮೊದಲು ಒಳಗೆ ಬಂದಳು. ರೋಗಿಯನ್ನು ನೋಡಿ, ಗೂಡಿನಲ್ಲಿದ್ದ ಮಾತ್ರೆಯ ಪಟ್ಟಿಯನ್ನು ನೋಡಿ, ಅಕ್ಕನನ್ನು ಕೇಳಿದಳು. ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಎರಡು ಹೊತ್ತು ಬಿಟ್ಬಿಟ್ರಾ? ನಾವು ಅಷ್ಟು ಸಲ ಹೇಳಿದ್ದು ಏನಕ್ಕೆ ಅಜ್ಜಿ? ನೀವೇ ಈ ನೋವು ಕೊಟ್ಟಿದ್ದು, ಗೊತ್ತಾಯ್ತಾ?"

ಭಾವ ಥಟ್ಟನೆ ಅಕ್ಕನ ಕಡೆ ತಿರುಗಿದ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇನ್ನೊಂದು ಮಾತು ಬಂದಿದ್ದರೆ ಆ ಮನೆಯಲ್ಲಿ ಏನಾಗುತ್ತಿತ್ತೋ ಗೊತ್ತಿಲ್ಲ. ಅಷ್ಟರಲ್ಲಿ ದೊಡ್ಡ ಸಿಸ್ಟರ್ ಬಾಗಿಲಲ್ಲಿದ್ದರು. ಅವರು ಹುಡುಗಿಗೂ ಏನೂ ಹೇಳಲಿಲ್ಲ, ಅಕ್ಕನಿಗೂ ಏನೂ ಹೇಳಲಿಲ್ಲ. ಮಂಚದ ಹತ್ತಿರ ಹೋಗಿ ನನ್ನ ಹೆಂಡತಿಯ ಕೈ ಹಿಡಿದುಕೊಂಡು, ಡಾಕ್ಟರಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದರು. ಡಾಕ್ಟರು ಹೇಳಿದ ಇಂಜೆಕ್ಷನ್ನನ್ನು ಚರ್ಮದ ಕೆಳಗೆ ಕೊಟ್ಟರು.

"ಅಣ್ಣ, ಡಾಕ್ಟ್ರು ಬದುಕವ್ರೆ" ಎಂದರು ಭಾವನ ಕಡೆ ನೋಡಿ. ಅವನ ಕೂಗು ಅವರಿಗೆ ಬೀದಿಯಲ್ಲೇ ಕೇಳಿಸಿತ್ತು ಅಂತ ಕಾಣುತ್ತದೆ. "ಬೆಳಿಗ್ಗೆ ಎದ್ದು ಅವರತ್ರ ಬೈಸ್ಕೊಂಡೇ ನಾನು ಮನೆ ಬಿಡಾದು. ಒಂದರ್ಧ ಗಂಟೆ ಕೂತ್ಕಳಿ. ಈ ಮದ್ದು ಹತ್ತಲಿ. ಆಮೇಲೆ ನೀವು ಗಾಡೀಲಿ ಕರ್ಕೊಂಡೋದ್ರೂ ನಾನೇ ಜೊತೇಲಿ ಬಂದು ಮಲಗಿಸ್ಕೊಡ್ತೀನಿ."

ಜಗಳಕ್ಕೆ ಸಿದ್ಧವಾಗಿದ್ದ ಭಾವನಿಗೆ ಎದುರಾಳಿ ಸಿಗಲಿಲ್ಲ. ಕೂತ.

ದೊಡ್ಡ ಸಿಸ್ಟರ್ ಹುಡುಗಿಯನ್ನು ಜೀಪಿನ ಹತ್ತಿರ ಕರೆದುಕೊಂಡು ಹೋದರು. ಅಷ್ಟರಲ್ಲಿ ಬಂದಿದ್ದ ಕಾರಿನವನಿಗೆ ನಾನು ಸ್ವಲ್ಪ ತಡೆಯಪ್ಪ ಎಂದು ಹೇಳಲು ಆಚೆಗೆ ಬಂದಿದ್ದೆ, ಆದ್ದರಿಂದ ಕೇಳಿಸಿತು.

"ಮೇಡಂ, ತಪ್ಪು ಮಾಡಿರೋದು ಆ ಯಮ್ಮ" ಎನ್ನುತ್ತಿದ್ದಳು ಹುಡುಗಿ. ಕಣ್ಣಲ್ಲಿ ನೀರಿತ್ತು.

"ಮಾಡವ್ರೆ. ನಾವು ಈ ಮನೇಲಿ ಅರ್ಧ ಗಂಟೆ ಇರ್ತೀವಿ. ಮಿಕ್ಕ ಹೊತ್ತಿಗೆಲ್ಲ ಆ ಯಮ್ಮನೇ ಸಿಸ್ಟ್ರು. ನಾನು ನಿಂಗೆ ಹತ್ತು ಜನದ ಮುಂದೆ ಬೈದ್ರೆ ನಾಳೆ ಡ್ಯೂಟಿಗೆ ಬರ್ತೀಯಾ? ಅವ್ರು ನಾಳೆ ಡ್ಯೂಟಿಗೆ ಬರ್ಬೇಕು."

ಹುಡುಗಿ ಮೂಗು ಒರೆಸಿಕೊಂಡಳು.

"ತವರಿನವ್ರು ಬರೋ ದಿನ ಏನ್ಮಾಡ್ಬೇಕು ಅಂತ ನಾವು ಹೇಳಿಕೊಟ್ಟಿದ್ವಾ? ಇಲ್ಲ. ನಂಗೂ ಹೊಳೀಲಿಲ್ಲ. ಫೋನ್ ಮಾಡಿ ಅಂದೆ, ಅಷ್ಟೆ. ಇನ್ಮೇಲೆ ಎಲ್ಲಾ ಮನೇಲೂ ಹೇಳಣ. ಈಗ ಒಳಕ್ಕೋಗಿ ಆ ಯಮ್ಮನ ಪಕ್ಕ ಕೂತ್ಕೊ. ಮಾತ್ರೆ ನೀನ್ ಕೊಡ್ಬ್ಯಾಡ. ಅವರ ಕೈಲೇ ಕೊಡ್ಸು."

ಅಕ್ಕ ಒಲೆಯ ಹತ್ತಿರ ಕೂತಿದ್ದಳು. ಹುಡುಗಿ ಹೋಗಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಆಮೇಲೆ ಅಕ್ಕನೇ, "ನಿಂಗೆ ಮದ್ವೆ ಆಗದಾ?" ಎಂದಳು.

"ಇಲ್ಲ ಅಜ್ಜಿ."

"ಇಂಗೇ ಬೈತಿದ್ರೆ ಆಯ್ತದೆ ಬುಡು."

ಹುಡುಗಿ ನಗುತ್ತಾ ಅತ್ತಳು. ಅಕ್ಕನೂ ಹಾಗೇ ಮಾಡಿದಳು.

ಅಷ್ಟು ಹೊತ್ತಿಗೆ ನನ್ನ ಹೆಂಡತಿಯ ಕೈ ಮಂಚದ ಪಟ್ಟಿಯನ್ನು ಬಿಟ್ಟಿತ್ತು. ಹುಬ್ಬಿನ ಗಂಟು ಸಡಿಲವಾಗಿತ್ತು. ದೊಡ್ಡ ಸಿಸ್ಟರ್ ಭಾವನನ್ನು ಮಂಚದ ಹತ್ತಿರ ಕರೆದು ಕೂರಿಸಿ, ಅವಳ ಕಿವಿಯ ಹತ್ತಿರ ಬಗ್ಗಿ ಕೇಳಿದರು. "ಅಣ್ಣ ಬಂದವ್ರೆ ನೋಡವ್ವ. ಮೈಸೂರ್ಗೆ ಕರ್ಕೊಂಡೋಗ್ಲಾ ಅಂತ ಕೇಳ್ತಾವ್ರೆ. ನೀನೇನಂತೀಯ?"

ಅವಳು ಕಣ್ಣು ಬಿಟ್ಟು ಅಣ್ಣನನ್ನು ಬಹಳ ಹೊತ್ತು ನೋಡಿದಳು. "ಬ್ಯಾಡ ಕನಣ್ಣ. ನಾನ್ ಇಲ್ಲೇ ಇರ್ತೀನಿ. ನೀನೂ ಇಲ್ಲೇ ಇರು."

ಭಾವ ಟವಲನ್ನು ಮುಖಕ್ಕೆ ಹಿಡಿದುಕೊಂಡು ಕೂತಿದ್ದ. ದೊಡ್ಡ ಸಿಸ್ಟರ್ ಕ್ಯಾನಿನ ಹಾಲನ್ನು ಬಟ್ಟಲಿಗೆ ಹಾಕಿ ಅವನ ಮುಂದೆ ಇಟ್ಟರು. "ಕುಡ್ಸಾದು ಬ್ಯಾಡ ಅಣ್ಣ, ನುಂಗಕ್ಕೆ ಶಕ್ತಿ ಇಲ್ಲ. ಬೆರಳು ಅದ್ದಿ ತುಟಿಗೆ ಸವರಿ. ತವರಿನ ಹಾಲು ತುಟಿಗೆ ಮುಟ್ಟುದ್ರೆ ಮುಟ್ದಂಗೇ ಅಲ್ವಾ?" ಅವನು ಸವರಿದ. ಅವಳು ನಾಲಿಗೆಯಿಂದ ಅದನ್ನು ಒರೆಸಿಕೊಂಡು ಕಣ್ಣು ಮುಚ್ಚಿದಳು.

ಕಾರಿನವನು ಎರಡು ಸಲ ಹಾರ್ನ್ ಮಾಡಿದ. ಭಾವನೇ ಎದ್ದು ಹೋಗಿ ಅವನನ್ನು ಕಳಿಸಿ ಬಂದ. "ಸೋಮವಾರದ್ಗಂಟ ನೋಡ್ತೀನಿ" ಎಂದ ನನಗೆ. "ಆಮೇಕೆ ನಿನ್ ಮಾತೂ ಕೇಳಕಿಲ್ಲ, ಅವರ ಮಾತೂ ಕೇಳಕಿಲ್ಲ."

ಸೋಮವಾರ ಬಂತು, ಹೋಯಿತು, ಅವನು ಆ ಮಾತು ಎತ್ತಲಿಲ್ಲ. ಕೊಟ್ಟ ಮನೆಯಲ್ಲಿ ಅಣ್ಣನಾದವನು ಹಾಗೆ ದಿನಗಟ್ಟಲೆ ಉಳಿಯುವುದು ನಮ್ಮಲ್ಲಿ ಇಲ್ಲ. ಅವನಿಗೂ ಮೊದಮೊದಲು ಸಂಕೋಚ. ಊಟಕ್ಕೆ ಎರಡನೇ ಸಲ ಬಡಿಸಿಕೊಳ್ಳುತ್ತಿರಲಿಲ್ಲ. ದೊಡ್ಡ ಸಿಸ್ಟರ್ ಅವನಿಗೆ ಒಂದು ಕೆಲಸ ಹಚ್ಚಿದ್ದರು. ಬೆನ್ನು ಹುಣ್ಣಾಗದ ಹಾಗೆ ಆಗಾಗ ಅವಳನ್ನು ಮಗ್ಗುಲು ತಿರುಗಿಸುವುದು. ದಿಂಬನ್ನು ಎಲ್ಲಿ ಕೊಡಬೇಕು, ಎಳೆಯದೆ ಹೇಗೆ ಹೊರಳಿಸಬೇಕು ಎಂದು ಹುಡುಗಿ ಸಿಸ್ಟರ್ ಅವನಿಗೆ ತೋರಿಸಿಕೊಟ್ಟಳು. ದಿನಾ ಸಂಜೆ ದೊಡ್ಡ ಸಿಸ್ಟರಿಗೆ ಫೋನು ಮಾಡಿ ಹೇಳುವುದೂ ಅವನದೇ ಕೆಲಸ. ಅದನ್ನು ಅವರು ನನಗೆ ಯಾಕೆ ಕೊಡಲಿಲ್ಲ ಎಂದು ಆಗ ಸ್ವಲ್ಪ ಬೇಜಾರಾಗಿತ್ತು. ಈಗ ಅರ್ಥವಾಗುತ್ತದೆ. ನನಗೆ ಹೆಂಡತಿಯ ಪಕ್ಕದಲ್ಲಿ ಸುಮ್ಮನೆ ಕೂರುವ ಕೆಲಸ ಬಿಟ್ಟಿದ್ದರು.

ಕೊನೆಯ ದಿನ ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಉಸಿರಾಟ ಬದಲಾಯಿತು. ಒಂದು ಉಸಿರು, ನಿಲ್ಲುವುದು, ಮತ್ತೆ ಒಂದು. ಗಂಟಲಲ್ಲಿ ಗೊರಗೊರ ಸದ್ದು. ಮಗಳು ಬಂದಿದ್ದಳು. ನೋಡಲು ಬಂದ ಪಕ್ಕದ ಮನೆಯವರೊಬ್ಬರು ಗಾಬರಿಯಾಗಿ ನಮ್ಮನ್ನು ಕೇಳದೆ ಆಂಬುಲೆನ್ಸಿಗೆ ಫೋನು ಮಾಡಿದರು. ಭಾವ ದೊಡ್ಡ ಸಿಸ್ಟರಿಗೆ ಫೋನು ಮಾಡಿದ. ಅವರು ಬೆಳ್ಳೂರಿನ ಆಚೆ ಒಂದು ಮನೆಯಲ್ಲಿದ್ದರು.

"ಮುಖ ನೋಡಿ ಅಣ್ಣ. ಹುಬ್ಬು ಗಂಟಿಕ್ಕವ್ರಾ?"

"ಇಲ್ಲ. ಸುಮ್ಕವ್ಳೆ. ಸದ್ದು ಮಾತ್ರ ಬತ್ತಾ ಅದೆ."

"ಆ ಸದ್ದು ನಮಗೆ ಕಷ್ಟ, ಅವ್ರಿಗಲ್ಲ. ಒಂದು ಮಗ್ಗುಲಿಗೆ ಮಲಗಿಸಿ. ಡಾಕ್ಟ್ರಿಗೆ ನಾನು ಹೇಳ್ತೀನಿ."

"ನೀವು ಬರಕಿಲ್ವಾ?"

"ಸಾಯಂಕಾಲದೊಳಗೆ ಆಗಲ್ಲ ಅಣ್ಣ. ಇಲ್ಲೂ ಒಬ್ರು ಹಿಂಗೇ ಅವ್ರೆ. ನಾನು ಬಂದ್ರೂ ನೀವು ಮಾಡ್ತಿರೋದನ್ನೇ ಮಾಡಾದು."

ಆಂಬುಲೆನ್ಸ್ ಬೀದಿಯ ತುದಿಯಲ್ಲಿ ತಿರುಗಿ ಬಂತು. ಇಬ್ಬರು ಸ್ಟ್ರೆಚರ್ ಇಳಿಸಿದರು. ಜನ ಸೇರಿದರು. ಒಬ್ಬೊಬ್ಬರೂ ಒಂದೊಂದು ಹೇಳುತ್ತಿದ್ದರು. ಆಂಬುಲೆನ್ಸಿನವರಲ್ಲಿ ಒಬ್ಬನು, "ಯಾರಾದ್ರೂ ಒಬ್ರು ಹೇಳಿ, ಕರ್ಕೊಂಡೋಗಾದಾ ಬ್ಯಾಡ್ವಾ?" ಎಂದ. ಎಲ್ಲರೂ ಭಾವನ ಮುಖ ನೋಡಿದರು. ಭಾವ ನನ್ನ ಮುಖ ನೋಡಿದ.

"ಯೋಳಪ್ಪ" ಎಂದ.

"ಬ್ಯಾಡ" ಎಂದೆ. ಧ್ವನಿ ಸಣ್ಣದಾಗಿತ್ತು, ಹತ್ತಿರದವರಿಗೆ ಮಾತ್ರ ಕೇಳಿಸಿರಬೇಕು. "ಮನೇಲೇ ಇರ್ತೀನಿ ಅಂದಿದ್ದಾಳೆ. ಇಲ್ಲೇ ಇರ್ತಾಳೆ."

ಭಾವ ಅದನ್ನು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. "ಬ್ಯಾಡ ಕನ್ರಪ್ಪ, ಎತ್ಕಳಿ ಗಾಡಿಯ. ತವರ್ನೋನು ನಾನೇ ಯೋಳ್ತಾ ಇವ್ನಿ."

ಅವರು ಸ್ಟ್ರೆಚರ್ ಮಡಿಸಿ ಹೊರಟುಹೋದರು. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಎರಡು ಉಸಿರಿನ ನಡುವೆ ನಾವು ಕಾಯುತ್ತಿದ್ದೆವು, ಮುಂದಿನದು ಬರಲಿಲ್ಲ. ಭಾವ ಕೈ ಇಟ್ಟು ನೋಡಿ ನನ್ನ ಹೆಗಲು ಮುಟ್ಟಿದ. ಅಕ್ಕ, ಮಗಳು ಇಬ್ಬರೂ ಪಕ್ಕದಲ್ಲೇ ಇದ್ದರು. ಸಂಜೆಯೊಳಗೆ ಶೀಳನೆರೆಯಿಂದ ಸೀರೆ ಬಂತು.

ತಿಥಿ ಮುಗಿದ ಮೇಲೆ ದೊಡ್ಡ ಸಿಸ್ಟರ್ ಒಂದು ದಿನ ಬಂದರು. ರೋಗಿ ಇಲ್ಲದ ಮನೆಗೂ ಅವರು ಒಂದು ಸಲ ಬರುತ್ತಾರಂತೆ. ಮಿಕ್ಕ ಮಾತ್ರೆ ವಾಪಸು ತೆಗೆದುಕೊಂಡರು. ನಿದ್ದೆ ಬರುತ್ತದಾ, ಊಟ ಮಾಡುತ್ತೀರಾ ಎಂದು ಕೇಳಿದರು. ಅಕ್ಕನ ಜೊತೆ ಒಳಗೆ ಬಹಳ ಹೊತ್ತು ಕೂತಿದ್ದರು. ಹೊರಡುವಾಗ ನಾನು ಅವರ ಹಿಂದೆಯೇ ಜೀಪಿನವರೆಗೆ ಹೋದೆ. ಅವಳು ಹೋದ ದಿನದಿಂದ ಒಳಗೇ ಇದ್ದ ಒಂದು ಮಾತು ಕೇಳಬೇಕಿತ್ತು.

"ಅವತ್ತು ಆಂಬುಲೆನ್ಸಲ್ಲಿ ಕಳಿಸಿದ್ದಿದ್ರೆ ಇನ್ನೂ ಸ್ವಲ್ಪ ದಿನ ಇರ್ತಿದ್ಲಾ, ಸಿಸ್ಟರ್?"

ಜೀಪು ಹತ್ತಲು ಹೊರಟಿದ್ದವರು ನನ್ನ ಕಡೆ ತಿರುಗಿದರು. "ಇರ್ತಿದ್ರೇನೋ ಯಜಮಾನ್ರೆ. ಒಂದೆರಡು ದಿನ. ಮೆಷಿನ್ ಹಾಕಿದ್ರೆ ಇನ್ನೊಂಚೂರು. ಇಲ್ಲ ಅಂತ ನಾನು ಹೇಳಕ್ಕಾಗಲ್ಲ."

ಇಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಅವರಿಗೆ ನಮಸ್ಕಾರ ಮಾಡಿದೆ. ಜೀಪು ಕೃಷ್ಣರಾಜಪೇಟೆ ರಸ್ತೆಗೆ ತಿರುಗಿತು.

ಅವತ್ತು ಸಂಜೆ ಭಾವ ಫೋನು ಮಾಡಿದ. ಅದನ್ನೇ ಅವನೂ ಕೇಳಿದ, ಅವನ ರೀತಿಯಲ್ಲಿ. "ಅಲ್ಲ ಕನಪ್ಪ, ಸಿಸ್ಟ್ರು ಬಂದಿದ್ರಂತಲ್ಲ. ನಾವು ಮಾಡಿದ್ದು ಸರಿ ಅಂದ್ರಾ?"

ಅವರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. ಆ ಕಡೆ ದನವೊಂದು ಕೂಗಿತು.

"ಎರಡ್ ದಿನ" ಎಂದ ಭಾವ. ಆಮೇಲೆ, "ಆ ಎರಡ್ ದಿನ ನಾವೇ ಬ್ಯಾಡ ಅಂದ್ವಿ ಅಂತ ಇಟ್ಕಳಣ ಬುಡು. ನೀನೊಬ್ನೇ ಅಂದಿದ್ದಲ್ಲ, ನಾನೂ ಅಂದಿವ್ನಿ" ಎಂದ.